ಸಾತ್ವಿಕಾ ಗಂಗೆಯಲ್ಲಿ ಬಿಟ್ಟದ್ದು

"ಆಚಾರ್ಯರು ಇದ್ದಾರಾ? ಅಮ್ಮನ ಅಸ್ಥಿ ತಂದಿದ್ದೇನೆ..."

ಆ ಧ್ವನಿ ಕೇಳುತ್ತಲೇ ದರ್ಭೆ ಬಿಡಿಸುತ್ತಿದ್ದ ಸಾತ್ವಿಕಾಳ ಕೈ ನಿಂತಿತು.

ದಶಾಶ್ವಮೇಧ ಘಾಟ್‌ನ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತು, ಕರ್ನಾಟಕದ ಯಾತ್ರಿಕರಿಗೆ ಎಳ್ಳು, ದರ್ಭೆ ಹೊಂದಿಸಿ ಕೊಡುವುದು ಅವಳ ದಿನನಿತ್ಯದ ಕೆಲಸ. ಎಷ್ಟೋ ಧ್ವನಿಗಳನ್ನು ಕೇಳಿದ್ದಳು. ಇದೊಂದನ್ನು ಮಾತ್ರ ಐದು ವರ್ಷದಿಂದ ಕೇಳಿರಲಿಲ್ಲ.

ಸುಮಧ್ವ!

ಬೋಳಿಸಿದ ತಲೆಯಲ್ಲಿ ಕೂದಲು ಈಗಷ್ಟೇ ಚಿಗುರುತ್ತಿತ್ತು. ಕೆಂಪು ವಸ್ತ್ರದ ಗಂಟನ್ನು ಎದೆಗೊತ್ತಿ ಹಿಡಿದಿದ್ದ.

'ಇವನ ಅಮ್ಮ ವನಮಾಲಾಬಾಯಿಯವರು ಹೋದರಾ...? "ಬೇಗ ಸೊಸೆಯಾಗಿ ಬಾರೇ, ಅಡುಗೆಮನೆಯಲ್ಲಿ ಜಗಳಕ್ಕೂ ಜನ ಇಲ್ಲ ನನಗೆ" ಅಂತ ಫೋನಿನಲ್ಲಿ ನಗುತ್ತಿದ್ದವರು!'

"ಚೆನ್ನಾಗಿದ್ದೀರಾ?" ಎಂದ ಸುಮಧ್ವ.

ಆ ಬಹುವಚನ ಅವಳನ್ನು ಇರಿಯಿತು. ತಲೆ ಮಾತ್ರ ಆಡಿಸಿದಳು.

ಅಪ್ಪ ಕೃಷ್ಣಮೂರ್ತಿ ಆಚಾರ್ಯರು ಅವನ ಮುಖ ನೋಡಿದರು. ಗುರುತು ಸಿಕ್ಕಿತು. ಲಕ್ವ ಹೊಡೆದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸಂಕಲ್ಪ ಶುರು ಮಾಡಿದರು.

ದೋಣಿ ಹತ್ತುವಾಗ ಆಚಾರ್ಯರ ಕಾಲು ಪಾಚಿಯ ಮೇಲೆ ಜಾರಿತು. ಗಂಟನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯಿಂದ ಸುಮಧ್ವ ಅವರನ್ನು ಹಿಡಿದ. ಕೂರಿಸಿದ ಮೇಲೂ, ಅವರು ಸರಿಯಾಗಿ ಕಾಲು ಚಾಚುವವರೆಗೆ ಕೈ ಬಿಡಲಿಲ್ಲ.

ಸಾತ್ವಿಕಾ ಮುಖ ತಿರುಗಿಸಿಕೊಂಡಳು. 'ಇಂಥವನ ಮೇಲೆ ಎಂಥ ಸುಳ್ಳು ಹೊರಿಸಿದೆ ನಾನು...'

ರಾಯಚೂರಿನ ಸುಮಧ್ವ ಕಾಶಿಯ ಲಂಕಾ ಬಡಾವಣೆಯಲ್ಲಿ ರೂಮು ಮಾಡಿಕೊಂಡು ಎಂಎಸ್ಸಿ ಓದುವಾಗ, ಪ್ರತಿ ಭಾನುವಾರ ಸೋನಾರ್‌ಪುರದ ಇವರ ಮನೆಗೆ ಊಟಕ್ಕೆ ಬರುತ್ತಿದ್ದ. ಸಾರಿನ ನೆಪದಲ್ಲಿ ಮಾತು, ಮಾತಿನ ನೆಪದಲ್ಲಿ ಪ್ರೀತಿ. ಹಿರಿಯರು ಒಪ್ಪಿ ಮುಹೂರ್ತವೂ ಇಟ್ಟರು.

ಮದುವೆಗೆ ಒಂಬತ್ತು ದಿನ ಇರುವಾಗ ಅಪ್ಪ ಕುಸಿದು ಬಿದ್ದರು. ಉಳಿದರೆ ಇನ್ನೆರಡು ದಿನ ಎಂದರು ಡಾಕ್ಟರು.

ಅಂದು ಬೆಳಗ್ಗೆ ಸಾತ್ವಿಕಾ ಆಸ್ಪತ್ರೆಯಿಂದ ನೇರ ಬಂದು ಗಂಗೆಗೆ ಇಳಿದಳು. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಇಲ್ಲಿ ಬಿಟ್ಟು ಹೋಗುತ್ತಾರೆ. ಮತ್ತೆ ಅದನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲ. ಹುಟ್ಟಿದಾಗಿನಿಂದ ಅದನ್ನೇ ನೋಡಿ ಬೆಳೆದವಳು ಬೊಗಸೆಯಲ್ಲಿ ನೀರು ತುಂಬಿಕೊಂಡು ಹೇಳಿದ್ದಳು...

"ನನಗೆ ಎಲ್ಲಕ್ಕಿಂತ ಇಷ್ಟವಾದವನನ್ನು ಬಿಟ್ಟೆ ತಾಯೀ. ಅಪ್ಪನನ್ನು ಉಳಿಸು!"

ಅಪ್ಪ ಉಳಿದರು. ಅವಳು ಸುಮಧ್ವನಿಗೆ ಫೋನಿನಲ್ಲಿ "ನನಗೆ ಈ ಮದುವೆ ಇಷ್ಟವಿಲ್ಲ" ಎಂದಳು. ಮನೆಯಲ್ಲಿ "ಅವರೇ ಬೇಡ ಅಂದರು" ಎಂದಳು. ವ್ರತದ ಸುದ್ದಿ ಬಾಯಿಬಿಟ್ಟರೆ ಅಪ್ಪ ಬದುಕಿರುವುದೇ ಅವರಿಗೆ ಭಾರವಾಗುತ್ತದೆ ಎಂಬ ಹೆದರಿಕೆ. ಮಾತು ಮುರಿದರೆ ಗಂಗೆ ಅಪ್ಪನನ್ನು ವಾಪಸ್ ಕೇಳುತ್ತಾಳೆ ಎಂಬ ಇನ್ನೂ ದೊಡ್ಡ ಹೆದರಿಕೆ.

ಕರ್ಮ ಮುಗಿಸಿ ಮಧ್ಯಾಹ್ನ ಎಲ್ಲರೂ ಮನೆಗೆ ಬಂದರು. ಎಲೆಯ ಮುಂದೆ ಕೂತ ಸುಮಧ್ವನಿಗೆ ಅನ್ನ ಬಡಿಸುತ್ತಾ ಅಮ್ಮ ಅಂಬುಜಾಕ್ಷಿ ತಡೆಯಲಾರದೆ ಕೇಳಿದರು.

"ಊಟ ಮಾಡಪ್ಪ. ಹುಡುಗಿ ಬೇಡ ಅಂದೆ, ನಮ್ಮನೆ ಸಾರು ಆಗುತ್ತೆ ತಾನೇ?"

"ಅರೇ, ಅಂಬು!" ಎಂದರು ಆಚಾರ್ಯರು.

"ನೀವು ಸುಮ್ನಿರಿ! ಅಪ್ಪ ಆಸ್ಪತ್ರೆಯಲ್ಲಿರೋವಾಗ ಮಗಳನ್ನ ಬೇಡ ಅಂದ ಹುಡುಗ. ಐದು ವರ್ಷದಿಂದ ಈ ಮಾತು ಹೊಟ್ಟೆಯಲ್ಲಿದೆ ನಂಗೆ."

ಸುಮಧ್ವ ಬೆಚ್ಚಿ ತಲೆಯೆತ್ತಿದ. ಬಾಗಿಲಲ್ಲಿ ನಿಂತ ಸಾತ್ವಿಕಾಳ ಮುಖ ಬಿಳಿಚಿತ್ತು. ಒಂದೇ ಕ್ಷಣ. ಅವನಿಗೆ ಅರ್ಥವಾಯಿತು.

'ಹೇಳಿಬಿಡುತ್ತಾನೆ...' ಎಂದುಕೊಂಡಳು ಅವಳು.

"ಹೌದಮ್ಮ," ಎಂದ ಅವನು ಮೆಲ್ಲಗೆ. "ತಪ್ಪಾಯ್ತು ನಂದು."

ಆ ಕರುಣೆಯನ್ನು ಅವಳು ತಾಳಲಾರದೆ ಹೋದಳು.

"ಇಲ್ಲ! ಅವರು ಬೇಡ ಅನ್ನಲಿಲ್ಲ ಅಮ್ಮ... ನಾನು ಅಂದೆ! ಅಪ್ಪ ಉಳೀಲಿ ಅಂತ ಗಂಗೆಯಲ್ಲಿ ಇವರನ್ನ ಬಿಟ್ಟೆ. ನಿಮ್ಮೆಲ್ಲರ ಹತ್ತಿರ ಸುಳ್ಳು ಹೇಳಿದೆ!"

ಅಂಬುಜಾಕ್ಷಿಯ ಕೈಯ ಸೌಟು ಹಾಗೇ ನಿಂತಿತು. ಆಚಾರ್ಯರ ಕಣ್ಣು ತುಂಬಿತ್ತು.

"ಬಾ ಇಲ್ಲಿ," ಎಂದರು ಅವರು. "ಸಂಕಲ್ಪ ಯಾರು ಹೇಳಿಸಿದರು ನಿನಗೆ?"

"ಯಾರೂ ಇಲ್ಲ ಅಪ್ಪ... ನಾನೇ."

"ಅದಕ್ಕೇ ಹೀಗಾಯ್ತು. ಕಾಶಿಯಲ್ಲಿ ಬಿಡೋದು ನಮ್ಮ ನಾಲಿಗೆಯ ಚಪಲ ಮಗಾ. ಸೀಬೆಹಣ್ಣು ಬಿಡು, ಹಾಗಲಕಾಯಿ ಬಿಡು. ಇನ್ನೊಬ್ಬರ ಮನಸ್ಸನ್ನ ಬಿಡೋಕೆ ಅದು ನಿನ್ನದಾ? ನನ್ನ ಹತ್ತಿರ ಯಾತ್ರಿಕರು ಹೀಗೆ ಕೇಳಿದ್ದರೆ ಸಂಕಲ್ಪದ ನೀರೇ ಹಾಕ್ತಿರಲಿಲ್ಲ."

"ಆದರೆ ನೀವು ಉಳಿದಿರಿ..."

"ಬಿಂದುಮಾಧವ ಸ್ವಾಮಿ ನಿನ್ನ ಹತ್ತಿರ ಲಂಚ ತಗೊಂಡು ನನ್ನ ಉಳಿಸಿದ ಅಂದ್ಕೊಂಡ್ಯಾ? ಅವನ ಲೆಕ್ಕದಲ್ಲಿ ನನಗೆ ಇನ್ನೂ ದಿನ ಇತ್ತು, ಇಟ್ಟ. ನಾವು ಒಂದು ಮುಹೂರ್ತ ಇಟ್ಟಿದ್ದೆವು, ಅವನು ಒಪ್ಪಲಿಲ್ಲ. ಅಷ್ಟೇ. ಇನ್ನೊಂದು ಇಡೋದೇ ಇಲ್ಲ ಅಂತ ಅವನೇನು ಹೇಳಿರಲಿಲ್ಲವಲ್ಲ! ಅದನ್ನ ನೀನು ಹೇಳಿದೆ."

ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಬಲಗೈ ಎತ್ತಲಾಗದ ಅಪ್ಪ ಎಡಗೈಯಿಂದ ತಲೆ ಸವರಿದರು.

ಊಟವಾದ ಮೇಲೆ ಸುಮಧ್ವ ಕೈತೊಳೆಯಲು ಹಿತ್ತಿಲಿಗೆ ಬಂದ. ಅವಳು ತಂಬಿಗೆ ಹಿಡಿದು ನೀರು ಹಾಕಿದಳು.

"ನೀನು ರಾಯಚೂರಿನ ಬಿಸಿಲಿಗೆ ಹೆದರಿದೆ ಅಂದ್ಕೊಂಡಿದ್ದೆ," ಎಂದ ಅವನು. ನಗಲು ನೋಡಿದ. ಆಗಲಿಲ್ಲ. "ಒಂದು ಮಾತು ನನ್ನ ಕೇಳಬೇಕಿತ್ತು ಸಾತ್ವಿಕಾ. ಇಬ್ಬರೂ ಸೇರಿ ಕಾಯ್ತಿದ್ದೆವು."

ಮತ್ತೆ ಏಕವಚನ...! ಅವಳು ಮುಖ ಎತ್ತಿ ಅವನನ್ನು ನೋಡಿದಳು.

"ನಿಮ್ಮಮ್ಮ..."

"ಕೊನೆವರೆಗೂ ನಿನ್ನ ಬೈಯಲಿಲ್ಲ. 'ಆ ಹುಡುಗಿಗೆ ಏನೋ ಕಷ್ಟ ಇರಬೇಕು ಕಣೋ' ಅಂತಿದ್ದಳು. ಅವಳಿಗೆ ನಿನ್ನ ಮುಖ ತೋರಿಸೋಕಾಗಲಿಲ್ಲ. ಅದು ಮಾತ್ರ ಯಾವ ಮುಹೂರ್ತದಿಂದಲೂ ಸರಿಹೋಗಲ್ಲ."

"ಗೊತ್ತು. ಆ ತಪ್ಪು ನನ್ನ ಜೊತೆಗೇ ಇರುತ್ತೆ. ಕ್ಷಮಿಸು ಅಂತ ಕೇಳೋಕೂ ಬಾಯಿಲ್ಲ."

"ಕೇಳಬೇಡ ಹಾಗಿದ್ರೆ. ಬೇರೆ ಏನಾದರೂ ಕೇಳು."

ಅವಳು ತಂಬಿಗೆಯನ್ನು ಕೆಳಗಿಟ್ಟಳು. ಉಸಿರಿಗಿಂತ ಮೆಲ್ಲಗೆ ಕೇಳಿದಳು. "ನಿನಗೆ... ಈಗಲೂ ನಾನು ಬೇಕಾ?"

"ಹೂಂ. ಆದರೆ ಅಮ್ಮನ ವರ್ಷಾಬ್ದಿಕ ಆಗೋವರೆಗೆ ಮನೆಯಲ್ಲಿ ಮದುವೆ ಇಲ್ಲ. ಇನ್ನೂ ಹನ್ನೊಂದು ತಿಂಗಳು."

"ಅಷ್ಟರಲ್ಲಿ ಮತ್ತೇನಾದರೂ ಆದರೆ...?"

"ಆದರೆ ನನಗೆ ಮೊದಲು ಫೋನ್ ಮಾಡ್ತೀಯ. ಗಂಗೆಗೆ ಆಮೇಲೆ ಇಳೀತೀಯ."

ಅಳುತ್ತಲೇ ಅವಳು ನಕ್ಕಳು. ಅವನು ಒದ್ದೆ ಕೈ ಚಾಚಿದ. ಈ ಸಲ ಅವಳು ಅದನ್ನು ಬಿಡಲಿಲ್ಲ.