ಬಿಳಿ ಉಗುರು

"ಮಾಮೂಲಿ ಚಾಣ" ಎಂದು ನಾನು ತೆಗೆದ ಪುಟ್ಟ ಗಿಡುಗದ ಫೋಟೋ ಕೆಳಗೆ ಎರಡೇ ಪದ ಬರೆದಿದ್ದ ಮನುಷ್ಯನಿಗೆ ನಾನು ಫೋನ್ ಮಾಡಿದ್ದೇ ಜಗಳವಾಡಲು. ನಮ್ಮ ಪಕ್ಷಿವೀಕ್ಷಕರ ಗುಂಪಿನಲ್ಲಿ ಯಾರು ಯಾವ ಹಕ್ಕಿ ಕಂಡೆ ಎಂದರೂ ಹೌದು, ಅಲ್ಲ ಎನ್ನುವವನು ಅವನೇ. ಮನಸ್ಸಿನಲ್ಲೇ ತೀರ್ಪುಗಾರ ಎಂದು ಹೆಸರಿಟ್ಟಿದ್ದೆ.

"ಅದು ಕಿರುಚಾಣ. ಸಮುದ್ರ ದಾಟಿ ಹೋಗೋ ಹಕ್ಕಿ. ದಾರೀಲಿ ನಮ್ಮ ಕ್ಲಿನಿಕ್ ಹತ್ರ ಇಳಿದಿದೆ."

"ಇರಬಹುದು ಡಾಕ್ಟ್ರೇ. ಆದ್ರೆ ಇದು ಹೆಣ್ಣು. ಎರಡೂ ಜಾತಿಯ ಹೆಣ್ಣು ನೋಡೋಕೆ ಒಂದೇ ಥರ. ಮಾಮೂಲಿ ಚಾಣದ ಉಗುರು ಕಪ್ಪು, ಕಿರುಚಾಣದ್ದು ಬಿಳಿ. ಉಗುರು ತೋರಿಸಿ, ಒಪ್ಕೋತೀನಿ."

"ನೀವೇ ಬಂದು ನೋಡಿ!"

ಬಂದೇಬಿಟ್ಟ.

ಅಣ್ಣನೂ ನಾನೂ ಹಲ್ಲಿನ ಡಾಕ್ಟರುಗಳು. ಕ್ಲಿನಿಕ್ ಅಣ್ಣನದು, ಮೂಗಿನ ತುದಿಯ ಕೋಪವೂ ಅಣ್ಣನದೇ. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿಗೆ ತೀರ್ಪುಗಾರ ದಿನಾ ಟೆರೇಸಿಗೆ ಬರುತ್ತಿದ್ದ. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಒಂದೇ ದುರ್ಬೀನು ಹಂಚಿಕೊಂಡು ಹಕ್ಕಿ ಕೂರುವ ಎದುರಿನ ಕಂಬ ಕಾಯುತ್ತಿದ್ದೆವು. ಆ ಮಹಾರಾಣಿಯೋ, ಹೊಟ್ಟೆಯ ಗರಿ ಉಬ್ಬಿಸಿ ಕಾಲು ಮುಚ್ಚಿಕೊಂಡೇ ಕೂತಿರುತ್ತಿದ್ದಳು.

"ನೀವು ಹಕ್ಕಿ ನೋಡ್ತಿಲ್ಲ," ಎಂದೆ ಒಂದು ದಿನ.

"ನೋಡ್ತಾ ಇದ್ದೀನಲ್ಲ."

"ದುರ್ಬೀನು ಆ ಕಡೆ ಇದೆ. ಕಣ್ಣು ಈ ಕಡೆ."

ಅವನ ಕಿವಿ ಕೆಂಪಾಯಿತು. ಗಂಡಸರ ಕಿವಿ ಅಷ್ಟು ಚೆನ್ನಾಗಿ ಕೆಂಪಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಣ್ಣ ಅವನ ಮುಂದೆಯೇ ಹೇಳಿದ್ದ. "ಅಕ್ಕಪಕ್ಕದವರು ಆಡ್ಕೋತಿದ್ದಾರೆ. ಹಕ್ಕಿ ಯಾವುದು ಅಂತ ಗೊತ್ತಾಗೋವರೆಗೆ ಬನ್ನಿ, ಅಲ್ಲಿಗೆ ಮುಗೀತು. ಆಮೇಲೆ ಈ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ."

ಇವತ್ತು ಮಹಾರಾಣಿ ಮಿಡತೆ ಹಿಡಿದು ತಂದು, ನಮ್ಮದೇ ಟೆರೇಸಿನ ಗೋಡೆಯ ಮೇಲೆ ಕೂತು, ಕಾಲಲ್ಲಿ ಎತ್ತಿ ತಿಂದಳು. ಬಿಳಿ ಉಗುರು! ನಾನು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವನೂ ಕಣ್ತುಂಬ ನೋಡಿದ. ಹಿಂದೆ ಅಣ್ಣ ಬಂದು ನಿಂತಿದ್ದ.

"ಗೊತ್ತಾಯ್ತಾ?"

ತೀರ್ಪುಗಾರ ಗಂಟಲು ಸರಿಮಾಡಿಕೊಂಡ. "ಖಚಿತವಾಗಿ ಹೇಳೋಕಾಗಲ್ಲ ಸರ್. ಉಗುರು ಕಪ್ಪಿದ್ದ ಹಾಗಿತ್ತು. ನಾಳೆ ಇನ್ನೊಂದ್ಸಲ ನೋಡ್ಬೇಕು."

ಗುಬ್ಬಚ್ಚಿಯ ವಿಷಯದಲ್ಲೂ ಸುಳ್ಳಾಡದವನು ನನಗಾಗಿ ಸುಳ್ಳಾಡಿದ್ದ. ಎದೆ ತುಂಬಿ ಬಂತು. ಮರುಕ್ಷಣವೇ ಮೈಯೆಲ್ಲ ಉರಿಯಿತು. ಇವನನ್ನು ಉಳಿಸಿಕೊಳ್ಳಲು ನನ್ನ ಹಕ್ಕಿಯನ್ನೇಕೆ ಬಿಟ್ಟುಕೊಡಲಿ? ನನಗೆ ಎರಡೂ ಬೇಕಿತ್ತು.

"ಸುಳ್ಳು," ಎಂದೆ. "ಉಗುರು ಬಿಳಿ. ಅದು ಕಿರುಚಾಣ. ಈಗಲೇ ಬರೀರಿ."

ಅವನ ಮುಖ ಬಾಡಿತು. "ಹಾಗಾದ್ರೆ ನಾಳೆ..."

"ನಾಳೆನೂ ಬರ್ತೀರಿ." ಅಣ್ಣನ ಕಣ್ಣಲ್ಲಿ ಕಣ್ಣಿಟ್ಟೆ. "ಹಕ್ಕಿ ನೋಡೋಕಲ್ಲ ಅಣ್ಣ, ನನ್ನನ್ನ ನೋಡೋಕೆ. ನನಗೆ ಇವರು ಇಷ್ಟ. ಕಾಲು ಮುರಿಯೋದಾದ್ರೆ ನನ್ನದನ್ನೂ ಸೇರಿಸಿ ಮುರಿ."

ದಿನವಿಡೀ ಬೇರೆಯವರ ಬಾಯಿ ತೆರೆಸುವ ಅಣ್ಣನ ಬಾಯಿ ತಾನಾಗಿಯೇ ತೆರೆದುಕೊಂಡಿತು. ದಡದಡನೆ ಕೆಳಗಿಳಿದು ಹೋದ.

ತೀರ್ಪುಗಾರ ಫೋನ್ ತೆಗೆದು, ನನ್ನ ಫೋಟೋ ಕೆಳಗಿದ್ದ ಆ ಎರಡು ಪದ ಅಳಿಸಿದ. ಆ ಜಾಗದಲ್ಲಿ "ಕಿರುಚಾಣ" ಎಂದು ಬರೆದ.

"ಒಪ್ಪಿದೆ ಡಾಕ್ಟ್ರೇ."

"ಯಾವುದನ್ನ?"

"ಎರಡನ್ನೂ."