ಭುಜದ ಮೇಲಿನ ಸುಣ್ಣ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬೈಕ್ ರೇಸಿನ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ನನಗೇ ಅನುಮಾನ. ಇಂಜಿನ್ನಿನ ವಿಷಯ ಯಾರಾದರೂ ಕೇಳಿದರೆ ತಡವರಿಸುತ್ತೇನೆ. ತಿಳಿದವರು ನಕ್ಕರೆ ನಗಲಿ. ಆದರೂ ಈ ಇಬ್ಬರ ಕಥೆಯನ್ನು ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ...

"ಫಲಕ ಹಿಡಿಯೋರು ನೀವಾ?"

ಹಿಂದಿನಿಂದ ಬಂದ ದನಿಗೆ ಅವಳು ತಿರುಗಿದಳು. ಮೈಗಂಟಿದ ಕಪ್ಪು ಚರ್ಮದ ಉಡುಪು. ಕಂಕುಳಲ್ಲಿ ಹೆಲ್ಮೆಟ್ಟು. ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದ ಎರಡು ಕಣ್ಣು.

ಅವಳು ಹೌದೆಂದು ತಲೆಯಾಡಿಸಿದಳು.

"ಅಂಕಿ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆ ರಸ್ತೆ ಮೇಲೆ ನನಗಿರೋದು ಅದೊಂದೇ ಕಣ್ಣು."

ಅಷ್ಟು ಹೇಳಿ ಹೊರಟೇಹೋದ.

ಎಂಥ ಸೊಕ್ಕು ಎಂದುಕೊಂಡಳು ಅವಳು. ಆದರೆ ಆ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ನಿಂತುಬಿಟ್ಟಿತು.

ಅವನನ್ನು ಎಲ್ಲರೂ ಬಡಗಿ ಎಂದೇ ಕರೆಯುತ್ತಿದ್ದರು. ರೇಸಿಗೆ ಬರುವ ಮೊದಲು ಮರದ ಕೆಲಸ ಮಾಡುತ್ತಿದ್ದ. ರೇಸಿಲ್ಲದ ತಿಂಗಳುಗಳಲ್ಲಿ ಈಗಲೂ ಮಾಡುತ್ತಿದ್ದ. ಅವನ ಬೈಕನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವಳ ಅಪ್ಪ. ವರ್ಷಗಳಿಂದ ಫಲಕ ಹಿಡಿಯುತ್ತಿದ್ದವರು ಅವಳ ಚಿಕ್ಕಪ್ಪ. ಈ ಸಲ ಅವರ ತೋಳು ಮೇಲಕ್ಕೇ ಏಳದಂತಾಗಿ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಇವಳನ್ನು ಅಪ್ಪ ಎಳೆದು ತಂದಿದ್ದರು. ದಿನವಿಡೀ ಜನರಿಗೆ ದೂರದ ಅಕ್ಷರ ತೋರಿಸುವವಳಿಗೆ ಇದೇನು ಮಹಾ ಕೆಲಸ ಎಂಬುದು ಅವರ ಲೆಕ್ಕ.

ಓದುಗರಿಗೆ ಈ ರೇಸಿನ ರೀತಿಯನ್ನು ಸ್ವಲ್ಪ ಹೇಳಬೇಕು. ಇದು ಮೈದಾನದಲ್ಲಿ ನಡೆಯುವುದಲ್ಲ. ಊರಿನ ರಸ್ತೆಯಲ್ಲೇ ನಡೆಯುತ್ತದೆ. ಬಸ್ಸು ಓಡುವ, ಮಕ್ಕಳು ಶಾಲೆಗೆ ಹೋಗುವ ಅದೇ ರಸ್ತೆಯನ್ನು ಆ ದಿನ ಮುಚ್ಚಿ, ದೀಪದ ಕಂಬಗಳಿಗೆ ಹುಲ್ಲಿನ ಮೂಟೆ ಕಟ್ಟುತ್ತಾರೆ. ಸವಾರರನ್ನು ಒಟ್ಟಿಗೆ ಬಿಡುವುದಿಲ್ಲ, ಒಬ್ಬರಾದ ಮೇಲೆ ಒಬ್ಬರನ್ನು ಬಿಡುತ್ತಾರೆ. ಯಾರು ಕಡಿಮೆ ಹೊತ್ತು ತೆಗೆದುಕೊಂಡರೋ ಅವರೇ ಗೆದ್ದಂತೆ. ಹಾಗಾಗಿ ತಾನು ಮುಂದಿದ್ದೇನೋ ಹಿಂದಿದ್ದೇನೋ ಸವಾರನಿಗೇ ಗೊತ್ತಿರುವುದಿಲ್ಲ. ಸುತ್ತಿಗೊಮ್ಮೆ, ರಸ್ತೆಬದಿಯ ಮೋಟುಗೋಡೆಯ ಹಿಂದಿನಿಂದ ಎತ್ತಿ ಹಿಡಿದ ಫಲಕವೇ ಅವನಿಗೆ ಹೇಳಬೇಕು. ಕೂಡುವ ಗುರುತಿದ್ದರೆ ಮುಂದೆ. ಕಳೆಯುವ ಗುರುತಿದ್ದರೆ ಹಿಂದೆ. ಪಕ್ಕದಲ್ಲಿ ಎಷ್ಟು ಸೆಕೆಂಡು ಎಂಬ ಅಂಕಿ.

ಮೊದಲ ದಿನದ ಅಭ್ಯಾಸದಲ್ಲಿ ಅವಳು ಫಲಕ ಎತ್ತಿ ನಿಂತಾಗ ಬೀದಿ ನಿಶ್ಶಬ್ದವಾಗಿತ್ತು. ಎದುರಿನ ಔಷಧಿ ಅಂಗಡಿಯ ಬಾಗಿಲು ಹಾಕಿತ್ತು. ಮೇಲಿನ ಕಿಟಕಿಯಲ್ಲಿ ಯಾರೋ ಒಣಗಲು ಹಾಕಿದ್ದ ಅಂಗಿ ಅಲ್ಲಾಡದೆ ನೇತಾಡುತ್ತಿತ್ತು.

ಮೊದಲು ಕಾಲಡಿಯ ನೆಲ ನಡುಗಿತು. ಆಮೇಲೆ ಸದ್ದು... ಅದು ಕಿವಿಗೆ ಬರಲಿಲ್ಲ, ಎದೆಗೂಡಿಗೆ ಬಂತು. ತಿರುವಿನಲ್ಲಿ ಒಂದು ಕಪ್ಪು ಚುಕ್ಕೆ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಆ ಚುಕ್ಕೆ ಮನುಷ್ಯನಾಗಿ, ಬೈಕಾಗಿ, ಗಾಳಿಯ ಹೊಡೆತವಾಗಿ ದಾಟಿಹೋಗಿತ್ತು. ಕಿಟಕಿಯ ಅಂಗಿ ಹಾರಿ ರಸ್ತೆಗೆ ಬಿತ್ತು. ಫಲಕ ಕೈಯಿಂದ ಕಿತ್ತುಕೊಂಡು ಹೋಗುವುದರಲ್ಲಿತ್ತು.

ನಾನು ದಿನಾ ಬಸ್ಸಿಗೆ ಕಾಯುವ ಜಾಗ ಇದೇನಾ...

ಅವಳ ಕಣ್ಣಲ್ಲಿ ನೀರಿತ್ತು. ಹೆದರಿಕೆಯೋ ಖುಷಿಯೋ ಅವಳಿಗೇ ತಿಳಿಯಲಿಲ್ಲ. ಮನುಷ್ಯನೊಬ್ಬ ಹೀಗೂ ಹೋಗಬಲ್ಲನೇ ಎಂಬ ಬೆರಗು ಮಾತ್ರ ಉಳಿಯಿತು.

ಮರುದಿನ ಅವಳು ಅಂಕಿಯ ಕಪ್ಪು ಪಟ್ಟಿಗಳನ್ನೆಲ್ಲ ಅಗಲ ಮಾಡಿ, ಫಲಕಕ್ಕೆ ಹಳದಿ ಬಣ್ಣ ಬಳಿದಳು. ಸಂಜೆ ಬಡಗಿ ಗೋಡೆಯ ಹತ್ತಿರ ಬಂದು, ಇವತ್ತು ಓದಲು ಸಲೀಸಾಯಿತು ಎಂದ. ಹೊಗಳಿಕೆ ಅಷ್ಟೇ. ಆದರೆ ಅದರ ಮರುದಿನ ಫಲಕಕ್ಕೆ ಹೊಸ ಮರದ ಹಿಡಿ ಬಂದಿತ್ತು. ಅವಳ ಅಂಗೈಯ ಅಳತೆಗೇ ಕೆತ್ತಿ, ಉಜ್ಜಿ ನುಣುಪು ಮಾಡಿದ್ದು. ಅಳತೆ ಯಾವಾಗ ತೆಗೆದುಕೊಂಡನೋ ದೇವರೇ ಬಲ್ಲ.

"ಚಿಕ್ಕಪ್ಪ ಇಷ್ಟು ವರ್ಷ ಹಿಡಿದ್ರಲ್ಲ, ಅವರಿಗೆ ಮಾಡ್ಕೊಡಲಿಲ್ವಾ?" ಎಂದು ಕೇಳಿದಳು.

"ಅವರ ಕೈ ನೋಡಬೇಕು ಅಂತ ಅನ್ನಿಸಿರಲಿಲ್ಲ."

ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ಕೂತಿದ್ದ ಅಪ್ಪ ಸುಮ್ಮಸುಮ್ಮನೆ ಕೆಮ್ಮಿದರು.

ರೇಸಿನವರು ಬೀಡುಬಿಟ್ಟ ಆ ಅಂಗಳದಲ್ಲಿ ಒಂದು ಪದ್ಧತಿಯಿತ್ತು. ಹೊರಡುವ ಸವಾರನಿಗೆ ಯಾರೂ 'ಹುಷಾರು' ಎನ್ನುತ್ತಿರಲಿಲ್ಲ. ಹೆಂಡತಿಯರೂ ಅನ್ನುತ್ತಿರಲಿಲ್ಲ, ಹೆತ್ತವರೂ ಅನ್ನುತ್ತಿರಲಿಲ್ಲ. ಸವಾರನ ಕಣ್ಣು ಎತ್ತ ಹೋಗುತ್ತದೋ ಗಾಡಿಯೂ ಅತ್ತಲೇ ಹೋಗುತ್ತದಂತೆ. ಅಪಾಯ ನೆನಪಿಸಿದರೆ ಕಣ್ಣು ಅಪಾಯವನ್ನೇ ಹುಡುಕುತ್ತದಂತೆ. ಅಪ್ಪ ಇದನ್ನು ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಊಟಕ್ಕೆ ಸಿಗೋಣ.

ರೇಸಿನ ಹಿಂದಿನ ಸಂಜೆ ಬಡಗಿ ಅವಳ ಪಕ್ಕ ಬಂದು ಕೂತ. ನಾಳೆ ಗೆದ್ದವರನ್ನು ದೊಡ್ಡ ತಂಡವೊಂದು ಸೇರಿಸಿಕೊಳ್ಳುತ್ತದೆ ಎಂದ. ಒಂದೇ ಜಾಗ ಖಾಲಿಯಿದೆಯಂತೆ. ಸಿಕ್ಕರೆ ವರ್ಷವಿಡೀ ದೇಶ ದೇಶ ಸುತ್ತಬೇಕು, ಈ ಕಡೆ ಬರಲಾಗುವುದಿಲ್ಲ.

ಸಂತೋಷ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಮುಖ ಆಗಲೇ ಬಾಡಿತ್ತು. ಅವನು ಅದನ್ನು ಗಮನಿಸಿದ.

ಮರುದಿನ ಬೆಳಿಗ್ಗೆ ಅವಳು ಎಲ್ಲರಂತೆ "ಊಟಕ್ಕೆ ಸಿಗೋಣ" ಎಂದಳು. ಅವನು ಹೆಲ್ಮೆಟ್ಟಿನೊಳಗಿಂದಲೇ ತಲೆಯಾಡಿಸಿ ಹೋದ.

ಆ ದಿನದ ಓಟವನ್ನು ವರ್ಣಿಸಲು ನನ್ನಲ್ಲಿ ಮಾತಿಲ್ಲ. 'ಹಳೇ ಹುಲಿ' ಎಂದು ಹೆಸರಾದ ಹಿರಿಯ ಸವಾರನೊಬ್ಬನಿದ್ದ. ಆ ರಸ್ತೆಯ ಪ್ರತಿ ಕಲ್ಲೂ ಅವನಿಗೆ ಪರಿಚಯ. ಅವನಿಗೂ ಬಡಗಿಗೂ ನಡುವೆ ಸುತ್ತಿನಿಂದ ಸುತ್ತಿಗೆ ಕೂದಲೆಳೆಯ ಅಂತರ. ಒಬ್ಬರನ್ನೊಬ್ಬರು ಕಾಣದೆ, ಒಂದೇ ಊರಿನ ಬೇರೆ ಬೇರೆ ಬೀದಿಗಳಲ್ಲಿ ಇಬ್ಬರೂ ಪ್ರಾಣವನ್ನು ಪಣಕ್ಕಿಟ್ಟು ಹಾರುತ್ತಿದ್ದರು. ಗೋಡೆಯ ಮೇಲೆ ಸಾಲಾಗಿ ಕೂತ ಜನ ಮಾತು ಮರೆತಿದ್ದರು.

ಊರಾಚೆ ನಿಂತ ಚಿಕ್ಕಪ್ಪ ಫೋನಿನಲ್ಲಿ ಅಂತರ ಹೇಳುತ್ತಿದ್ದರು. ಅಪ್ಪ ಅದನ್ನು ಕೂಗುತ್ತಿದ್ದರು. ಅವಳು ಅಯಸ್ಕಾಂತದ ಕಪ್ಪು ಪಟ್ಟಿಗಳನ್ನು ಫಲಕಕ್ಕೆ ಅಂಟಿಸಿ ಅಂಕಿ ಮಾಡಿ ಎತ್ತುತ್ತಿದ್ದಳು.

ಕೊನೆಯ ಸುತ್ತಿಗೆ ಮುಂಚಿನ ಸುತ್ತಿನಲ್ಲಿ ಅವನು ದಾಟಿದಾಗ ಅವಳಿಗೆ ಅದು ಕಂಡಿತು.

ಕಪ್ಪು ಉಡುಪಿನ ಭುಜದ ಮೇಲೆ ಬಿಳಿ ಬಳಿದಂತೆ ಒಂದು ಗೀರು.

ಸುಣ್ಣ!

ಆ ದಾರಿಯಲ್ಲಿ ಸುಣ್ಣ ಬಳಿದ ಗೋಡೆ ಇದ್ದುದು ಒಂದೇ ಕಡೆ. ರಸ್ತೆ ಕಿರಿದಾಗುವ ಹಳೆಯ ಸೇತುವೆಯಲ್ಲಿ. ಹಾಗಾದರೆ ಅವನ ಭುಜ ಆ ವೇಗದಲ್ಲಿ ಕಲ್ಲಿನ ಗೋಡೆಯನ್ನು ಉಜ್ಜಿದೆ. ಇನ್ನೊಂದು ಬೆರಳು ಆಚೆ ಸರಿದಿದ್ದರೆ...

"ಕಳೆ ಎರಡು!" ಅಪ್ಪ ಮುಂದಿನ ಅಂತರ ಕೂಗಿದರು. ಎರಡು ಸೆಕೆಂಡು ಹಿಂದಿದ್ದಾನೆ. ಅದನ್ನು ನೋಡಿದರೆ ಕೊನೆಯ ಸುತ್ತಿನಲ್ಲಿ ಅವನು ಸೇತುವೆಯನ್ನು ಇನ್ನೂ ಜೋರಾಗಿ ಹಾಯುತ್ತಾನೆ.

ಫಲಕ ಸಿದ್ಧವಿತ್ತು. ಅವಳ ಬೆರಳು ಡಬ್ಬಿಯಿಂದ ಇನ್ನೆರಡು ಪಟ್ಟಿ ತೆಗೆದವು. ಒಂದನ್ನು ಕಳೆಯುವ ಗುರುತಿನ ಮೇಲೆ ನಿಲ್ಲಿಸಿದಳು. ಅದು ಕೂಡುವ ಗುರುತಾಯಿತು. ಇನ್ನೊಂದನ್ನು ಎರಡರ ಮುಂದೆ ಇಟ್ಟಳು. ಹನ್ನೆರಡಾಯಿತು.

ಹನ್ನೆರಡು ಸೆಕೆಂಡು ಮುಂದಿದ್ದೀಯ. ನಿಧಾನಕ್ಕೆ ಬಾ.

ಕೊನೆಯ ಸುತ್ತಿಗೆ ಅವನು ತಿರುವಿನಲ್ಲಿ ಕಂಡಾಗ ಅದನ್ನು ಎತ್ತಿದಳು.

ಅವನು ನೋಡಿದ. ಮುಂದಿನ ತಿರುವಿನಲ್ಲಿ ಇಂಜಿನ್ನಿನ ಕೂಗು ಒಂದಿಷ್ಟು ತಗ್ಗಿದ್ದು ಅವಳಿಗೆ ಕೇಳಿಸಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಅವನು ಬಂದ. ಇಡಿಯಾಗಿ ಬಂದ. ಹೆಲ್ಮೆಟ್ಟು ತೆಗೆದಾಗ ಅವನ ಮುಖ ಚಿಕ್ಕ ಮಗುವಿನದಾಗಿತ್ತು. ಎಲ್ಲರನ್ನೂ ಬಿಟ್ಟು ಅವಳ ಹತ್ತಿರವೇ ನಡೆದು ಬಂದು "ಗೆದ್ವಿ" ಎಂದ. ಗೆದ್ದೆ ಎನ್ನಲಿಲ್ಲ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಹಳೇ ಹುಲಿಯ ಹೆಸರು ಬಂತು.

ಅವನು ಒಮ್ಮೆ ಫಲಕ ನೋಡಿದ. ಒಮ್ಮೆ ಅವಳ ಮುಖ ನೋಡಿದ. ತಪ್ಪು ಜೋಡಿಸಿದೆಯಾ ಎಂದು ಅಪ್ಪ ದಿಗಿಲಿನಿಂದ ಕೇಳುತ್ತಿದ್ದರು. ಆದರೆ ಅವನಿಗೆ ತಿಳಿದುಹೋಗಿತ್ತು.

"ನಾನು ದೂರ ಹೋಗಬಾರದು ಅಂತ ತಾನೇ?" ದನಿ ಏರಲಿಲ್ಲ. "ನಿನ್ನೆ ನಿಮ್ಮ ಮುಖ ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು. ಬೇರೆ ಯಾರು ಸುಳ್ಳು ಹೇಳಿದ್ರೂ ತಡ್ಕೊಳ್ತಿದ್ದೆ."

ಸುಣ್ಣ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅವನಿಗೆ ಗೋಡೆ ತಾಗಿದ್ದೇ ಗೊತ್ತಿಲ್ಲ ಎಂದು ಅವಳಿಗೆ ಅರಿವಾದದ್ದೂ ಆಗಲೇ. ಈಗ ಹೇಳಿದರೆ? ಇನ್ನು ಪ್ರತಿ ಸಲ ಆ ಸೇತುವೆಯಲ್ಲಿ ಅವನ ಕಣ್ಣು ಗೋಡೆಗೇ ಹೋಗುತ್ತದೆ. ಕಣ್ಣು ಹೋದತ್ತ ಗಾಡಿ...

ಅವಳು ಬಾಯಿ ಬಿಗಿಹಿಡಿದಳು. ಅವನು ಉಡುಪನ್ನು ಕಳಚಿ, ಮುದ್ದೆ ಮಾಡಿ ಪೆಟ್ಟಿಗೆಗೆ ತುರುಕಿ ಹೊರಟುಹೋದ.

ಆಮೇಲಿನ ತಿಂಗಳುಗಳಲ್ಲಿ ಅವಳು ಕನ್ನಡಕದ ಅಂಗಡಿಯಲ್ಲಿ ಎಷ್ಟೋ ಜನರಿಗೆ ಅಕ್ಷರ ಓದಿಸಿದಳು. ಅಪ್ಪ ಮುಖ ಊದಿಸಿಕೊಂಡೇ ಇದ್ದರು. ಒಂದು ಪ್ರಶ್ನೆ ಮಾತ್ರ ಅವಳನ್ನು ಬಿಡಲಿಲ್ಲ. ನಾನು ಪಟ್ಟಿ ಇಟ್ಟದ್ದು ಸುಣ್ಣ ಕಂಡದ್ದಕ್ಕೇನಾ? ಅಥವಾ ಅವನು ಅಂದದ್ದರಲ್ಲೂ ಚೂರು ನಿಜವಿತ್ತಾ?

ಮುಂದಿನ ವರ್ಷದ ರೇಸು ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಬಡಗಿ ಅಂಗಡಿಯೊಳಗೆ ಬಂದ. ಕೈಯಲ್ಲಿ ಆ ಕಪ್ಪು ಉಡುಪಿತ್ತು. ಅದನ್ನು ಗಾಜಿನ ಮೇಜಿನ ಮೇಲೆ ಹರಡಿದ. ಭುಜದ ಚರ್ಮ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಹೊಲಿಗೆಯ ಸಂದುಗಳಲ್ಲಿ ಸುಣ್ಣ ಕೂತಿತ್ತು.

ಆ ಸೋಲಿನ ಮೇಲೆ ಗಾಡಿ ಹತ್ತಿರಲಿಲ್ಲ, ಪೆಟ್ಟಿಗೆ ತೆರೆದದ್ದೇ ನಿನ್ನೆ ಎಂದ. ಅದನ್ನು ಕಂಡೊಡನೆ ಸೇತುವೆಗೆ ಹೋಗಿ ನೋಡಿದನಂತೆ. ಗೋಡೆಯ ಮೇಲೆ ಭುಜದ ಎತ್ತರಕ್ಕೆ ಒಂದು ಕಪ್ಪು ಗೆರೆ ಇನ್ನೂ ಇತ್ತಂತೆ.

"ನೋಡಿದ್ದೆ ಅಲ್ವಾ ನೀನು?"

ಮೊದಲ ಬಾರಿಗೆ ಅವನು 'ನೀನು' ಎಂದಿದ್ದ.

ಅವಳು ತಲೆಯಾಡಿಸಿದಳು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಕಣ್ಣು ಗೋಡೆಗೆ ಹೋಗ್ತಿತ್ತು. ನನ್ನ ಮೇಲೆ ಸಿಟ್ಟಿದ್ರೆ ಪರವಾಗಿಲ್ಲ, ರಸ್ತೆ ಮೇಲಾದ್ರೂ ಇರುತ್ತಲ್ಲ ಅಂದ್ಕೊಂಡೆ." ಅವಳು ತಲೆ ಎತ್ತಿ ಅವನನ್ನು ನೋಡಿದಳು. "ಆದ್ರೆ ಒಂದು ಮಾತು. ಸುಣ್ಣ ಕಾಣದೇ ಇದ್ದಿದ್ರೂ ನಾನು ಹಾಗೇ ಮಾಡ್ತಿದ್ದೆನೇನೋ... ಗೊತ್ತಿಲ್ಲ. ನೀವು ಹೋಗೋದು ನನಗೆ ಬೇಡವಾಗಿತ್ತು. ಅದೂ ನಿಜ."

ಅವನು ಉಡುಪನ್ನು ಮಡಚಿ ಎತ್ತಿಕೊಂಡ. ಆಮೇಲೆ, ಈ ಸಲವೂ ಫಲಕ ನೀನೇ ಹಿಡಿಯಬೇಕು ಎಂದ. ಆದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು. ಏನೇ ಕಂಡರೂ.

"ಏನೇ ಕಂಡರೂ?" ಎಂದಳು ಅವಳು.

"ಹ್ಞೂಂ. ನಿಧಾನ ಮಾಡೋದು ಬಿಡೋದು ನನಗೆ ಬಿಡು. ಸುಳ್ಳು ಹೇಳಿ ಉಳಿಸ್ಕೊಂಡ್ರೆ ನಾನು ನಿನ್ನವನಾಗಿ ಉಳಿಯೋದು ಹೇಗೆ?"

ಒಪ್ಪಿಕೊಂಡಳು. ಅದಕ್ಕಿಂತ ಕಷ್ಟದ ಮಾತನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

ಮತ್ತೆ ಅದೇ ಬೀದಿ, ಅದೇ ನಡುಗುವ ನೆಲ. ದೊಡ್ಡ ತಂಡಕ್ಕೆ ಒಲ್ಲೆ ಎಂದಿದ್ದ ಹಳೇ ಹುಲಿ ಆ ವರ್ಷವೂ ಬಂದಿದ್ದ. ಕೊನೆಯ ಸುತ್ತು ಬಂತು. ಅಪ್ಪ ಕೂಗಿದರು, "ಕಳೆ ಒಂದು!"

ಕಪ್ಪು ಪಟ್ಟಿಗಳ ಡಬ್ಬಿ ಪಕ್ಕದಲ್ಲೇ ತೆರೆದಿತ್ತು. ಅವಳು ಅದರತ್ತ ನೋಡಲಿಲ್ಲ. ಅವನು ಕೆತ್ತಿದ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಎತ್ತಿದಳು.

ಅವನು ನೋಡಿದ. ತಲೆ ತಗ್ಗಿಸಿದ. ಇಂಜಿನ್ನು ಆಕಾಶ ಹರಿದಂತೆ ಕೂಗುತ್ತ ದೂರವಾಯಿತು... ಆ ಕ್ಷಣ ಅವಳು ಹೆದರಿಕೆಯನ್ನೂ ಮರೆತಳು. ಎಷ್ಟು ಸೊಗಸಾಗಿ ಹೋಗುತ್ತಾನೆ ಎಂದು ಸುಮ್ಮನೆ ಬೆರಗಾಗಿ ನಿಂತಳು.

ಆಮೇಲೆ ಕಾದಳು. ಹಾಗೆ ಕಾದವರಿಗಷ್ಟೇ ಗೊತ್ತು, ಖಾಲಿ ರಸ್ತೆ ಎಷ್ಟು ಉದ್ದ ಎಂದು.

ತಿರುವಿನಲ್ಲಿ ಕಪ್ಪು ಚುಕ್ಕೆ ಕಂಡಿತು. ಅವಳ ಕಣ್ಣು ಹೋದದ್ದು ಭುಜಕ್ಕೆ. ಅದು ಕಪ್ಪಾಗಿಯೇ ಇತ್ತು.

ಗೆದ್ದದ್ದು ಹಳೇ ಹುಲಿಯೇ. ಹೆಲ್ಮೆಟ್ಟು ತೆಗೆದ ಬಡಗಿ ಗೋಡೆಯ ಹತ್ತಿರ ಬಂದು, ಬೆವರು ಒರೆಸಿಕೊಂಡು ಅವಳ ಪಕ್ಕ ಕೂತ.

"ಸೇತುವೆ ಹತ್ರ ಚೂರು ಬಿಟ್ಟೆ" ಎಂದ.

"ಅಂಕಿ ಸರಿಯಾಗಿ ಕಾಣಿಸಲಿಲ್ವಾ?"

"ಕಾಣಿಸ್ತು. ಅದನ್ನ ಎತ್ತಿ ಹಿಡಿದವಳೂ ಕಾಣಿಸಿದ್ಲು."

ಅವಳು ಅವನ ಭುಜವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಉಡುಪಿಗೆ ಅಲ್ಲಿ ಹೊಸದಾಗಿ ಹೊಲಿಸಿದ್ದ ಚರ್ಮ ಬಿಸಿಯಾಗಿತ್ತು.

"ಏಳಿ, ಊಟಕ್ಕೆ" ಎಂದಳು.

"ಇವತ್ತೊಂದೇ ದಿನಾನಾ?"

"ದಿನಾ."

ನನಗೆ ತಿಳಿದದ್ದು ಇಷ್ಟೇ. ಆ ಮೊದಲ ವರ್ಷ ಅವಳು ನಿಜವಾದ ಅಂಕಿಯನ್ನೇ ತೋರಿಸಿದ್ದರೆ ಅವನು ಗೆಲ್ಲುತ್ತಿದ್ದನೋ, ಸೇತುವೆಯಲ್ಲೇ ಉಳಿದುಬಿಡುತ್ತಿದ್ದನೋ ನನಗೆ ಗೊತ್ತಿಲ್ಲ. ಅವರಿಬ್ಬರಿಗೂ ಗೊತ್ತಿಲ್ಲ. ಆ ಗೋಡೆಗೆ ಈಗ ಹೊಸದಾಗಿ ಸುಣ್ಣ ಬಳಿದಿದ್ದಾರೆ.