ಊಟದ ಹೊತ್ತಿನಲ್ಲಿ ಮಾಯವಾದ ಆಮ್ಲಜನಕ

ಉಕ್ಕಿನ ಕಾರ್ಖಾನೆಯಲ್ಲಿ ಊಟದ ಬಿಡುವು ಮುಗಿಸಿ ಬಂದ ವೆಲ್ಡಿಂಗ್ ಮೇಸ್ತ್ರಿ ಟಾರ್ಚು ಹಚ್ಚಿದ. ಜ್ವಾಲೆ ನೀಲಿಯಾಗಲಿಲ್ಲ. ಹಳದಿಯಾಗಿ ಕುಣಿದು ಮಸಿ ಉಗುಳಿತು. ಆಮ್ಲಜನಕದ ತಿರುಪನ್ನು ಪೂರ್ತಿ ತಿರುಗಿಸಿದ — ಏನೂ ಇಲ್ಲ.

"ಮತ್ತೆ ಖಾಲಿ," ಎಂದು ಪಕ್ಕದವನಿಗೆ ಹೇಳಿದ.

ಉಗ್ರಾಣದಲ್ಲಿ ಹನ್ನೆರಡು ಸಿಲಿಂಡರುಗಳು ಒಂದೇ ಕೊಳವೆಗೆ ಕೂಡಿಕೊಂಡು ಸಾಲಾಗಿ ನಿಂತಿದ್ದವು. ಬೆಳಗ್ಗೆ ತಾನೇ ತುಂಬಿ ಬಂದವು; ವಾರಕ್ಕೆ ಸಾಲಬೇಕಾದವು. ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಆದರೆ ಹನ್ನೆರಡೂ ಬರಿದು.

ಆರು ವಾರದಲ್ಲಿ ಇದು ಐದನೇ ಸಲ. ಮೊದಲ ಸಲ ಸೋರಿಕೆ ಎಂದುಕೊಂಡರು. ಕೊಳವೆಯ ಬೆಸುಗೆಗಳಿಗೆಲ್ಲ ಸಾಬೂನಿನ ನೀರು ಹಚ್ಚಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಎರಡನೇ ಸಲ, ತುಂಬುವವರೇ ಮೋಸ ಮಾಡಿದರು ಎಂದರು. ಮುಂದಿನ ಸಲ ಬಂದವನ್ನು ತೂಗಿ ನೋಡಿದರೆ ತೂಕ ಸರಿಯಿತ್ತು. ಐದನೇ ಸಲಕ್ಕೆ ಎಲ್ಲರ ಕಣ್ಣೂ ಉಗ್ರಾಣಿಯ ಮೇಲೆ ಬಿತ್ತು. ಉಗ್ರಾಣದ ಬೀಗದ ಕೈ ಇರುವುದು ಅವನ ಸೊಂಟದಲ್ಲಿ. ಊಟದ ಹೊತ್ತಿನಲ್ಲಿ ಒಳಗೆ ಇರುವವನು ಅವನೊಬ್ಬನೇ. ಹೊರಗಿನ ಸಿಲಿಂಡರುಗಳಿಗೆ ತುಂಬಿ ಮಾರುತ್ತಿದ್ದಾನೆ ಎಂದು ಮೇಸ್ತ್ರಿ ಹೇಳಿದ. ಅವರಿಬ್ಬರದು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಮ್ಯಾನೇಜರು ಅಂದೇ ಉಗ್ರಾಣಿಯನ್ನು ಮನೆಗೆ ಕಳಿಸಿದರು.

ಹನ್ನೊಂದು ದಿನ ಕಳೆದ ಮೇಲೆ ಕಂಪನಿಯವರು ನಮ್ಮನ್ನು ಕರೆಸಿದರು. ನಮ್ಮನ್ನು ಎಂದರೆ — ಕಾರ್ಖಾನೆಗಳ ಕಳವು ತನಿಖೆ ಮಾಡುವ ಮೇಡಂ, ಹೇಳಿಕೆ ಬರೆದುಕೊಳ್ಳುವ ನಾನು. ಒಂಬತ್ತು ವರ್ಷ ಜೊತೆಯಲ್ಲಿ ಊರೂರು ಸುತ್ತಿದ್ದೇವೆ. ಅವರ ಮನೆಯಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿಲ್ಲ. ನನ್ನ ಮನೆಯಲ್ಲಿ ಯಾರೂ ಇಲ್ಲವೆಂದು ಅವರಿಗೂ ಗೊತ್ತಿಲ್ಲ. ಒಂದೇ ಮೇಜಿನಲ್ಲಿ ಕೂತು ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡುತ್ತಾ ಊಟ ಮಾಡುತ್ತೇವೆ.

ಮೊದಲು ಉಗ್ರಾಣಿಯ ಮನೆಗೆ ಹೋದೆವು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಒಲೆ ತಣ್ಣಗಿತ್ತು. ಆತ ನಮಗೆ ಕುರ್ಚಿ ಕೊಟ್ಟು ತಾನು ಹೊಸ್ತಿಲ ಮೇಲೆ ಕೂತ.

"ಊಟದ ಹೊತ್ತಿನಲ್ಲಿ ನಿಮ್ಮ ಜೊತೆ ಯಾರಿದ್ದರು?" ಮೇಡಂ ಕೇಳಿದರು.

"ಯಾರಿರ್ತಾರೆ ಮೇಡಂ? ನಾನು, ನನ್ನ ಊಟದ ಡಬ್ಬಿ."

"ಐದು ಸಲವೂ ಒಬ್ಬರೇ?"

"ಐದು ಸಲ ಅಲ್ಲ, ಹದಿನಾಲ್ಕು ವರ್ಷದಿಂದ ಒಬ್ಬನೇ. ಡಬ್ಬಿ ಹಂಚಿಕೊಳ್ಳೋ ಒಬ್ಬ ಗೆಳೆಯ ಇದ್ದಿದ್ರೆ ಇವತ್ತು ಸಾಕ್ಷಿಗೆ ಬರ್ತಿದ್ದ."

"ಏನಾದರೂ ಸದ್ದು ಕೇಳಿಸಿತೇ? ಗಾಳಿ ಹೋಗುವ ಸದ್ದು?"

ಆತ ತಲೆ ಅಲ್ಲಾಡಿಸಿದ. "ಗೋಡೆಯ ಆಚೆ ಕನ್ವರ್ಟರು ಊದ್ತಾ ಇರುತ್ತೆ. ಆಗ ನಾನು ಅಗಿಯೋ ಸದ್ದೂ ನನಗೆ ಕೇಳಲ್ಲ."

ಮೇಡಂ ಎದ್ದರು. ಬಾಗಿಲ ತನಕ ಬಂದ ಉಗ್ರಾಣಿ ಮೆಲ್ಲಗೆ ಹೇಳಿದ: "ಮೊನ್ನೆ ಮಗಳು ಫೋನು ಮಾಡಿದ್ಳು. ಅಪ್ಪಾ, ನೀನು ಕದ್ದೆಯಾ ಅಂತ ಕೇಳಿದ್ಳು. ಅಷ್ಟೇ."

ಮಧ್ಯಾಹ್ನ ಕನ್ವರ್ಟರು ನೋಡಲು ಹೋದೆವು. ಮೊಟ್ಟೆಯಾಕಾರದ ಭಾರೀ ಕಡಾಯಿ ಅದು. ಕರಗಿದ ಬೀಡುಕಬ್ಬಿಣ ಸುರಿದು, ತಳದ ತೂತುಗಳಿಂದ ಗಾಳಿ ನುಗ್ಗಿಸುತ್ತಾರೆ. ಬೀಡಿನೊಳಗಿನ ಇಂಗಾಲ ಉರಿದುಹೋಗಿ ಕಬ್ಬಿಣ ಉಕ್ಕಾಗುತ್ತದೆ. ಬಾಯಿಂದ ಹತ್ತಾಳೆತ್ತರದ ಬೆಂಕಿ ಎದ್ದಿತು. ಎದುರಿನ ಅಟ್ಟದ ಮೇಲೆ ಊದುಗಾರ ಒಬ್ಬನೇ ನಿಂತಿದ್ದ — ಅರವತ್ತರ ಹತ್ತಿರದವನು, ಕಡುನೀಲಿ ಗಾಜಿನ ಕನ್ನಡಕ. ಬೆಂಕಿ ಯಾವ ಗಳಿಗೆಯಲ್ಲಿ ಕುಸಿಯುತ್ತದೆಂದು ನೋಡಿ ಗಾಳಿ ನಿಲ್ಲಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ಕನ್ನಡಕದಣ್ಣ ಎನ್ನುತ್ತಿದ್ದರು. ಹದಿನೆಂಟು ನಿಮಿಷ ಆತ ರೆಪ್ಪೆ ಮಿಟುಕಿಸಿದ್ದು ನನಗೆ ಕಾಣಲಿಲ್ಲ. ಆ ಅಬ್ಬರದಲ್ಲಿ ಮಾತಾಡಿಸಲೂ ಆಗದು. ಮೂವತ್ತು ವರ್ಷದಿಂದ ಅವನ ಜೊತೆ ಮಾತಾಡಿದ್ದು ಬೆಂಕಿಯೊಂದೇ ಎಂದು ಒಬ್ಬ ಕೂಲಿಯವ ನಕ್ಕ.

ಮರುದಿನ ಆರನೇ ಸಲ ಆಮ್ಲಜನಕ ಮಾಯವಾಯಿತು.

ಈಗ ಉಗ್ರಾಣಕ್ಕೆ ಹೊಸ ಬೀಗ. ಬಾಗಿಲಿಗೆ ಬೆನ್ನು ಕೊಟ್ಟು ಕಾವಲುಗಾರ ಕೂತಿದ್ದ. ಊಟವನ್ನೂ ಅಲ್ಲೇ ಮಾಡಿದ್ದ. ಬೀಗ ಮುಟ್ಟಿದವರಿಲ್ಲ. ಆದರೂ ಹನ್ನೆರಡೂ ಖಾಲಿ.

ಉಗ್ರಾಣಿ ಮನೆಯಲ್ಲಿದ್ದರೂ ಅವನ ಕೈವಾಡ ಇರಲೇಬೇಕು, ಕಾವಲುಗಾರನೂ ಶಾಮೀಲು ಎಂದು ಮ್ಯಾನೇಜರು ಹೇಳಿದರು. ಅನುಮಾನ ಬಂದವರಿಗೆ ಹಗ್ಗವೆಲ್ಲ ಹಾವೇ. ಮೇಡಂ ಏಣಿ ತರಿಸಿದರು.

ಉಗ್ರಾಣದಿಂದ ವೆಲ್ಡಿಂಗ್ ವಿಭಾಗಕ್ಕೆ ಹೋಗುವ ಆಮ್ಲಜನಕದ ಕೊಳವೆ ಕನ್ವರ್ಟರಿನ ಮನೆಯೊಳಗೆ, ಗೋಡೆಯ ಮೇಲ್ಭಾಗದಲ್ಲಿ ಹಾದುಹೋಗುತ್ತಿತ್ತು. ಮೇಡಂ ಸೆರಗು ಸಿಕ್ಕಿಸಿಕೊಂಡು ತಾವೇ ಹತ್ತಿದರು. ಕೊಳವೆಯನ್ನು ಮೊಳ ಮೊಳವಾಗಿ ಬೆಳಕು ಹಾಕಿ ನೋಡಿದರು. ಒಂದು ಕಡೆ ನಿಂತರು.

"ಬರೆದುಕೊಳ್ಳಿ," ಎಂದರು. "ಹಳೆಯ ನಲ್ಲಿ ಒಂದಿದೆ. ಕೆಳಗೆ ಮೂರು ಮೊಳ ದೂರದಲ್ಲಿ ಕನ್ವರ್ಟರಿನ ಗಾಳಿಕೊಳವೆ. ಅದಕ್ಕೂ ಒಂದು ನಲ್ಲಿ. ನಡುವೆ ಏನೂ ಇಲ್ಲ."

"ಏನೂ ಇಲ್ಲದಿದ್ದರೆ ಬರೆಯುವುದೇನು?" ಎಂದೆ.

"ಇಲ್ಲಿ ಎಲ್ಲದರ ಮೇಲೂ ಬೆರಳುದ್ದ ಜಿಡ್ಡು. ಈ ಎರಡು ನಲ್ಲಿಗಳು ಮಾತ್ರ ತೊಳೆದ ಬಟ್ಟಲಿನ ಹಾಗಿವೆ."

ಕೆಳಗೆ ಬಂದು ವೆಲ್ಡಿಂಗ್ ಮೇಸ್ತ್ರಿಯನ್ನು ವಿಚಾರಿಸಿದರು. ಆಮ್ಲಜನಕಕ್ಕೆ ಜಿಡ್ಡು ತಾಗಿದರೆ ಸಿಡಿಯುತ್ತದೆ, ಬಲ್ಲವನು ತೊಳೆಯದೆ ಮುಟ್ಟುವುದಿಲ್ಲ ಎಂದ ಆತ. ಹೇಳಿದ ಮೇಲೆ, ಬಲ್ಲವರಲ್ಲಿ ತಾನೇ ಮೊದಲಿಗನೆಂದು ಹೊಳೆದು ಅವನ ಮುಖ ಬಿಳುಚಿತು.

ಕಳ್ಳತನ ಹೇಗಾಯಿತೆಂದು ಈಗ ನನಗೂ ತಿಳಿಯಿತು. ಎರಡು ನಲ್ಲಿಗಳ ನಡುವೆ ಒಂದು ರಬ್ಬರು ಕೊಳವೆ ಸಿಕ್ಕಿಸಿದರೆ ಸಾಕು. ಹನ್ನೆರಡು ಸಿಲಿಂಡರಿನ ಆಮ್ಲಜನಕವೂ ಕನ್ವರ್ಟರಿನ ಗಾಳಿಗೆ ಸೇರಿ, ಕರಗಿದ ಕಬ್ಬಿಣದೊಳಗೆ ಹೋಗುತ್ತದೆ. ಊಟದ ಹೊತ್ತಿನಲ್ಲಿ ವೆಲ್ಡಿಂಗ್ ನಿಂತಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಆದರೆ ಕದ್ದ ಮಾಲನ್ನು ಬೆಂಕಿಗೆ ಹಾಕುವ ಕಳ್ಳ ಎಲ್ಲಾದರೂ ಉಂಟೇ?

ಮೇಡಂ ಪ್ರಯೋಗಾಲಯಕ್ಕೆ ನಡೆದರು. ಅಲ್ಲಿ ಉಕ್ಕು ಪರೀಕ್ಷಿಸುವ ಹೆಂಗಸನ್ನು ಎಲ್ಲರೂ ಲ್ಯಾಬಕ್ಕ ಎನ್ನುತ್ತಿದ್ದರು. ಪ್ರತಿ ಎರಕದಿಂದ ಒಂದು ತುಂಡು ತೆಗೆದು, ತಣ್ಣಗೆ ಮಾಡಿ, ಸುತ್ತಿಗೆಯಿಂದ ಹೊಡೆದು ನೋಡುವುದು ಅವರ ಕೆಲಸ. ಮೂಲೆಯಲ್ಲಿ ಮುರಿದ ತುಂಡುಗಳ ರಾಶಿ. ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಆರು ತುಂಡುಗಳು — ಬಾಗಿದ್ದವು, ಮುರಿದಿರಲಿಲ್ಲ.

"ಇವು ಯಾವ ದಿನದವು?"

ಲ್ಯಾಬಕ್ಕ ಆರು ತಾರೀಕು ಹೇಳಿದರು. ಆರೂ ಆಮ್ಲಜನಕ ಮಾಯವಾದ ದಿನಗಳು.

"ಕಾರಣ ಗೊತ್ತೇ?"

ಗೊತ್ತು ಎಂದರು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಉಕ್ಕಿನಲ್ಲಿ ಸ್ವಲ್ಪ ಉಳಿದರೂ ಚಳಿಯಲ್ಲಿ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ. ಗಾಳಿಗೆ ಆಮ್ಲಜನಕ ಬೆರೆಸಿದರೆ ಸಾರಜನಕದ ಪಾಲು ಇಳಿಯುತ್ತದೆ, ಊದುವ ಹೊತ್ತೂ ಕಡಿಮೆ. ಎರಡು ವರ್ಷದ ಹಿಂದೆ ಇದೇ ಅಂಗಳದಲ್ಲಿ ಕ್ರೇನಿನ ಕೊಕ್ಕೆ ಮುರಿದು ಕೆಳಗಿದ್ದ ಒಬ್ಬ ಸತ್ತ. ಕೊಕ್ಕೆ ಇಲ್ಲಿಯದೇ ಉಕ್ಕಿನದು. ಆಗ ಅವರು ಗಾಳಿಗೆ ಆಮ್ಲಜನಕ ಬೆರೆಸಬೇಕೆಂದು ಮ್ಯಾನೇಜರಿಗೆ ಬರೆದುಕೊಟ್ಟಿದ್ದರು. ಆಮ್ಲಜನಕ ಹಾಕಿದರೆ ಕನ್ವರ್ಟರಿನ ತಳದ ಇಟ್ಟಿಗೆ ಬೇಗ ಸವೆಯುತ್ತದೆ, ಗಿರಾಕಿಯ ಪರೀಕ್ಷೆಯಲ್ಲಿ ಉಕ್ಕು ಪಾಸಾಗುತ್ತಿದೆಯಲ್ಲ ಎಂದು ಮ್ಯಾನೇಜರು ಕಾಗದವನ್ನು ಡ್ರಾಯರಿಗೆ ಹಾಕಿದರು.

"ಆಮ್ಲಜನಕ ಕದ್ದವರು ನೀವೇ?" ಮೇಡಂ ನೇರವಾಗಿ ಕೇಳಿದರು.

"ಧೈರ್ಯ ಇದ್ದಿದ್ರೆ ನಾನೇ ಕದೀತಿದ್ದೆ."

"ಯಾರೆಂದು ಗೊತ್ತೇ?"

ಲ್ಯಾಬಕ್ಕ ತುಂಡುಗಳನ್ನು ಒಂದೊಂದಾಗಿ ಸರಿಯಾಗಿ ಜೋಡಿಸಿಟ್ಟರು.

ಆ ಸಂಜೆ ಮೇಡಂ ಕನ್ವರ್ಟರಿನ ದಿನಚರಿ ಪುಸ್ತಕ ತರಿಸಿಕೊಂಡು ಅರ್ಧ ಗಂಟೆ ಓದಿದರು. ಬೆಳಗ್ಗೆ ಮ್ಯಾನೇಜರ ಕೋಣೆಗೆ ಎಲ್ಲರನ್ನೂ ಕರೆಸಿದರು. ಉಗ್ರಾಣಿ ಬಾಗಿಲ ಹತ್ತಿರ ನಿಂತ. ಒಳಗೆ ಬಾ ಎಂದವರಿಲ್ಲ. ಮೇಸ್ತ್ರಿ, ಲ್ಯಾಬಕ್ಕ, ಕನ್ನಡಕದಣ್ಣ ಕುರ್ಚಿಗಳ ಅಂಚಿನಲ್ಲಿ ಕೂತರು.

ಮೇಡಂ ಮೊದಲು ಕೊಳವೆಯ ವಿಷಯ ಬಿಡಿಸಿ ಹೇಳಿದರು. ಆಮೇಲೆ ಪುಸ್ತಕ ತೆರೆದರು.

"ಆ ಆರು ದಿನ ಊದು ಮುಗಿದದ್ದು ಹದಿಮೂರು ನಿಮಿಷದಲ್ಲಿ. ಮಿಕ್ಕ ದಿನ ಹದಿನೆಂಟು. ಇದನ್ನು ನೀವೂ ನೋಡಿದ್ದೀರಿ, ಅಲ್ಲವೇ?"

ಬೀಡು ಒಳ್ಳೆಯದಿರಬಹುದು ಎಂದುಕೊಂಡೆ ಎಂದರು ಮ್ಯಾನೇಜರು.

"ಪಕ್ಕದ ಸಾಲು ನೋಡಲಿಲ್ಲ. ಗುಜರಿ ಕಬ್ಬಿಣದ ಸಾಲು. ಆಮ್ಲಜನಕ ಹೆಚ್ಚಾದರೆ ಕಬ್ಬಿಣ ವಿಪರೀತ ಕಾಯುತ್ತದೆ. ತಣಿಸಲು ತಣ್ಣನೆಯ ಗುಜರಿ ಹಾಕಬೇಕು. ಆ ಆರು ದಿನವೂ ಮಾಮೂಲಿಗಿಂತ ಮುನ್ನೂರು ಕಿಲೋ ಹೆಚ್ಚು ಹಾಕಿದ್ದಾರೆ. ಅದರಲ್ಲಿ ವಿಶೇಷವಿಲ್ಲ. ಆದರೆ ಹಾಕಿದ್ದು ಯಾವಾಗ?"

ಮೇಡಂ ಸಾಲಿನ ಮೇಲೆ ಬೆರಳಿಟ್ಟರು.

"ಊದಲು ಶುರು ಮಾಡುವ ಮುಂಚೆ. ಕಬ್ಬಿಣ ಇನ್ನೂ ಕಾದೇ ಇರಲಿಲ್ಲ. ಇವತ್ತು ಹೆಚ್ಚು ಕಾಯುತ್ತದೆ ಎಂದು ಒಬ್ಬರಿಗೆ ಮೊದಲೇ ಗೊತ್ತಿತ್ತು. ಮೇಸ್ತ್ರಿಗೆ ಕೊಳವೆ ಗೊತ್ತು, ಆದರೆ ಗುಜರಿ ಹಾಕಿಸುವ ಅಧಿಕಾರವಿಲ್ಲ. ಲ್ಯಾಬಿನವರಿಗೆ ರಸಾಯನ ಗೊತ್ತು, ಅವರಿಗೂ ಇಲ್ಲ. ಗುಜರಿ ಎಷ್ಟು ಎಂದು ಹೇಳುವವರು ಇಲ್ಲಿ ಒಬ್ಬರೇ." ಮೇಡಂ ಪುಸ್ತಕ ಮುಚ್ಚಿದರು. "ಕನ್ನಡಕದಣ್ಣ, ಆಮ್ಲಜನಕ ಕದ್ದವರು ನೀವು."

ಆತ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆಂಕಿ ನೋಡಿ ನೋಡಿ ಕಣ್ಣಿನ ಸುತ್ತ ಚರ್ಮ ಬೆಂದು ಹೋಗಿತ್ತು.

"ಹೌದು," ಎಂದ.

"ಯಾಕೆ?"

"ಕ್ರೇನಿನ ಕೆಳಗೆ ಸತ್ತಿದ್ದು ನನ್ನ ತಮ್ಮ. ಒಂದೇ ಕೋಣೇಲಿ ಇದ್ವಿ, ನಾನು ಅವನು. ಮುರಿದ ಕೊಕ್ಕೆ ಮೇಲೆ ಎರಕದ ನಂಬರು ಇತ್ತು. ಮನೆಗೆ ಹೋಗಿ ನಾನು ಎರಕ ಬರೆದಿಟ್ಟ ಚೀಟಿ ತೆಗೆದು ನೋಡಿದೆ. ಅವತ್ತು ಊದಿದ್ದು ನಾನೇ." ಕನ್ನಡಕದ ಗಾಜನ್ನು ಹೆಬ್ಬೆರಳಿನಿಂದ ಒರೆಸಿದ. "ನಾನು ಉರಿ ನೋಡಿದ್ದರಲ್ಲಿ ತಪ್ಪಿರಲಿಲ್ಲ. ಗಾಳೀಲೇ ತಪ್ಪಿತ್ತು. ಲ್ಯಾಬಕ್ಕ ಕಾಗದ ಬರೆದಾಗ ಗೊತ್ತಾಯ್ತು."

ಈಗಿನ ಆರ್ಡರು ಒಂದು ಗಣಿಯದು ಎಂದು ಆತ ಹೇಳಿದ. ಆಳುಗಳನ್ನು ಭೂಮಿಯೊಳಗೆ ಇಳಿಸುವ ಬೋನಿಗೆ ಕೊಕ್ಕೆಗಳು ಬೇಕಿದ್ದವು. ಒಂದೊಂದು ಬೋನಿನಲ್ಲಿ ಇಪ್ಪತ್ತು ಜನ. ಒಟ್ಟು ಆರು ಎರಕ. ಆರಕ್ಕೂ ಆಮ್ಲಜನಕ ಹಾಕಿದ್ದ.

"ಉಗ್ರಾಣಿಯನ್ನು ಹೊರಗೆ ಹಾಕಿದ ಮೇಲೂ ಯಾಕೆ ಬಾಯಿ ಬಿಡಲಿಲ್ಲ?"

"ಒಂದು ಎರಕ ಉಳಿದಿತ್ತು ಮೇಡಂ. ಹೇಳಿದ್ರೆ ಅದು ನಿಂತುಹೋಗ್ತಿತ್ತು. ಅವನು ಹೊರಗಿರುವಾಗಲೇ ಆರನೇದು ಆಗಿಬಿಟ್ರೆ, ಅವನದಲ್ಲ ತಪ್ಪು ಅಂತ ಎಲ್ಲರಿಗೂ ತಿಳಿಯುತ್ತೆ ಅಂದುಕೊಂಡೆ. ತಿಳೀಲಿಲ್ಲ. ಇವತ್ತು ನಾನೇ ಹೇಳಬೇಕು ಅಂತಿದ್ದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಲ್ಯಾಬಕ್ಕ ಚೀಲದಿಂದ ಎರಡು ತುಂಡು ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟರು. ಒಂದು ಮುರಿದದ್ದು, ಒಂದು ಬಾಗಿದ್ದು. ಮ್ಯಾನೇಜರು ಎರಡನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಒಂದು ಊದಿಗೆ ಹನ್ನೆರಡು ಸಿಲಿಂಡರು ಸಾಕಾಗುತ್ತದೆಯೇ?" ಎಂದು ಕೊನೆಗೆ ಕೇಳಿದರು.

"ಹದಿನಾಲ್ಕಿದ್ರೆ ಒಳ್ಳೇದು," ಎಂದ ಕನ್ನಡಕದಣ್ಣ.

ಮ್ಯಾನೇಜರು ಅದನ್ನು ಬರೆದುಕೊಂಡರು. ಬರೆದುಕೊಂಡು, ಅವನನ್ನು ಕೆಲಸದಿಂದ ತೆಗೆದ ಆದೇಶಕ್ಕೂ ಅದೇ ಪೆನ್ನಿನಲ್ಲಿ ಸಹಿ ಹಾಕಿದರು. ಪೊಲೀಸರಿಗೆ ಹೇಳುವುದಿಲ್ಲ ಎಂದರು. ಉಗ್ರಾಣಿಗೆ ಅಂದಿನಿಂದಲೇ ಕೆಲಸಕ್ಕೆ ಬರಲು ಹೇಳಿದರು. ಕ್ಷಮೆ ಕೇಳಲಿಲ್ಲ.

ನಾವು ಗೇಟಿನ ಹತ್ತಿರ ಕಾರಿಗಾಗಿ ಕಾಯುತ್ತಿದ್ದಾಗ ಕನ್ನಡಕದಣ್ಣ ಬಂದ. ಕಂಕುಳಲ್ಲಿ ಒಂದು ಸಣ್ಣ ಗಂಟು. ಮೂವತ್ತು ವರ್ಷದ ಸಾಮಾನು ಅಷ್ಟೇ. ಉಗ್ರಾಣಿ ಅವನ ಹಿಂದೆಯೇ ಬಂದು ಅಡ್ಡ ನಿಂತ. ಹೊಡೆಯುತ್ತಾನೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಮೇಡಂ ತೋಳು ಹಿಡಿದು ನಿಲ್ಲಿಸಿದರು.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ, ಅಣ್ಣ," ಎಂದ ಉಗ್ರಾಣಿ. "ನಲ್ಲಿ ತಿರುಗಿಸೋಕೆ ಏಣಿ ನಾನೇ ಹಿಡೀತಿದ್ದೆ."

ಕನ್ನಡಕದಣ್ಣ ಅವನ ಮುಖ ನೋಡಿದ. ಕಪ್ಪು ಬಿದ್ದ ಆ ರೆಪ್ಪೆಗಳು ಈಗ ಒಂದೇ ಸಮನೆ ಮಿಟುಕುತ್ತಿದ್ದವು.

"ತಮ್ಮ ಹೋದ ಮೇಲೆ," ಎಂದ, "ಯಾರಿಗಾದ್ರೂ ಏನಾದ್ರೂ ಹೇಳೋ ಅಭ್ಯಾಸವೇ ತಪ್ಪಿಹೋಯ್ತು ಕಣೋ."

ಉಗ್ರಾಣಿ ಗೇಟಿನ ಅಗುಳಿ ತಾನೇ ಸರಿಸಿ, ಆತ ದಾಟಿ ಬೀದಿಯ ತಿರುವು ಸೇರುವ ತನಕ ಕದ ಹಿಡಿದುಕೊಂಡು ನಿಂತ.